ಉಬ್ಬಸವೂ ರಕ್ತಪರೀಕ್ಷೆಯೂ: ಒಂದು ಲಕ್ಷಣವಿಚಾರ

ಪೀಠಿಕೆ

ವ್ಯಾಕರಣ, ಅಲಂಕಾರ, ತರ್ಕಗಳನ್ನು ಓದಿ, ಸುಮಾರು ಮೂವತ್ತು ವರ್ಷಗಳಿಂದ ಮಕ್ಕಳಿಗೆ ಕನ್ನಡ ಪಾಠ ಹೇಳುತ್ತ ಬಂದಿರುವ ಪಂಡಿತನೊಬ್ಬನು ವೈದ್ಯಕೀಯ ವಿಷಯವನ್ನು ಕುರಿತು ಲೇಖನಿ ಹಿಡಿದಿರುವುದು ವಾಚಕ ಮಹನೀಯರಿಗೆ ಸೋಜಿಗವೆನಿಸಬಹುದು. ಔಷಧವನ್ನು ಹೇಳುವ ಅಧಿಕಾರ ನನ್ನದಲ್ಲ. ಆದರೆ ಒಂದು ಚಿಹ್ನೆಯನ್ನು ಕಂಡು ಅದರಿಂದ ಏನನ್ನು ನಿಶ್ಚಯಿಸಬಹುದು, ಏನನ್ನು ನಿಶ್ಚಯಿಸಲಾಗದು ಎಂಬ ವಿವೇಚನೆ ತರ್ಕಶಾಸ್ತ್ರದ ಕ್ಷೇತ್ರಕ್ಕೆ ಸೇರಿದ್ದು. ಆ ವಿವೇಚನೆಯನ್ನು ಮರೆತು ನಾನೇ ಒಮ್ಮೆ ತಪ್ಪಿ ನಡೆದುದರಿಂದ ಈ ಲೇಖನವು ನನಗೆ ಕರ್ತವ್ಯವಾಗಿ ಒದಗಿದೆ.

ಏಳು ವರ್ಷಗಳ ಹಿಂದಿನ ಮಾತು. ಆಗ ವಿದ್ಯಾರ್ಥಿನಿಲಯದ ಮೇಲ್ವಿಚಾರಣೆ ನನ್ನ ಪಾಲಿಗಿತ್ತು. ಎಂಟನೆಯ ತರಗತಿಯ ಬಾಲಕನೊಬ್ಬನು ಪ್ರಾತಃಕಾಲದ ವ್ಯಾಯಾಮಕ್ಕೆ ಬರಲು ಹಿಂದೆಗೆಯುತ್ತಿದ್ದನು. ಕೇಳಿದರೆ, "ಓಡಿದ್ರ ಎದಿ ಬಿಗೀತದ್ರಿ ಗುರುಗಳ" ಎನ್ನುವನು. ತಂದೆ ಊರಿನಿಂದ ಬಂದು ಪಟ್ಟಣದಲ್ಲಿ ಮಗನ ರಕ್ತವನ್ನು ಪರೀಕ್ಷೆ ಮಾಡಿಸಿ, ವರದಿಯ ಹಾಳೆಯನ್ನು ನನ್ನ ಕೈಗಿತ್ತರು. ಅದರಲ್ಲಿ 'ಒಟ್ಟು ಐಜಿಇ' ಎಂಬ ಸಾಲಿನ ಮುಂದಿದ್ದ ಅಂಕಿಯು ಸಹಜಮಿತಿಯೊಳಗೇ ಇತ್ತು. ವೈದ್ಯರಿಗೆ ತೋರಿಸುವ ಮುನ್ನವೇ ನಾನು ತೀರ್ಪು ಹೇಳಿದೆನು: "ಹಾಳೆಯಲ್ಲಿ ದೋಷವೇನೂ ಇಲ್ಲ, ಇದು ಮೈಗಳ್ಳತನ." ಮರುವಾರ ಕಾರ್ತಿಕಮಾಸದ ಒಂದು ಚಳಿಯ ಮುಂಜಾವಿನಲ್ಲಿ, ನನ್ನ ಆಜ್ಞೆಗೆ ಅಂಜಿ ಎಲ್ಲರೊಡನೆ ಓಡಿದ ಆ ಬಾಲಕನು ಮೈದಾನದ ಅಂಚಿನಲ್ಲಿ ಕುಕ್ಕರಿಸಿ ಕುಳಿತನು. ತುಟಿಗಳು ನೀಲಿಯಾಗಿದ್ದವು, ಎರಡು ಶಬ್ದಗಳನ್ನು ಕೂಡಿಸಿ ನುಡಿಯಲು ಅವನಿಂದಾಗಲಿಲ್ಲ. ಆಸ್ಪತ್ರೆಯಲ್ಲಿ ಆಮ್ಲಜನಕವನ್ನೂ ಉಸಿರಿನ ಔಷಧವನ್ನೂ ಕೊಟ್ಟಮೇಲೆ ಸುಧಾರಿಸಿಕೊಂಡನು. ವೈದ್ಯರು ನಾನು ತೋರಿಸಿದ ಹಾಳೆಯನ್ನು ನೋಡಿ, "ಪಂಡಿತರೇ, ಇದರಿಂದ ಉಬ್ಬಸ ಇಲ್ಲವೆಂದು ಹೇಳಲು ಬರುವುದಿಲ್ಲ" ಎಂದಷ್ಟೇ ಹೇಳಿದರು.

ಅದೇ ವರ್ಷ ಇನ್ನೊಬ್ಬ ಬಾಲಕನ ಪ್ರಸಂಗವು ಇದಕ್ಕೆ ನೇರ ವಿರುದ್ಧವಾಗಿ ನಡೆಯಿತು. ಅವನ ವರದಿಯಲ್ಲಿ ಅದೇ ಅಂಕಿ ಒಂಬತ್ತುನೂರನ್ನು ಮೀರಿತ್ತು. ಮನೆಯವರು ಅವನಿಗೆ ಅಸ್ತಮಾ ಎಂದೇ ನಂಬಿ, ಮೊಸರು, ಬಾಳೆಹಣ್ಣು, ಆಟ ಮೂರನ್ನೂ ಬಿಡಿಸಿದ್ದರು. ಅವನ ಉಸಿರಾಟದಲ್ಲಿ ಯಾವ ತೊಂದರೆಯೂ ಇರಲಿಲ್ಲ. ಹೊಟ್ಟೆಯಲ್ಲಿ ಜಂತುಹುಳುಗಳಿದ್ದುದು ಅನಂತರ ತಿಳಿದುಬಂದಿತು.

ಒಂದೇ ಅಂಕಿಯು ಒಬ್ಬನಲ್ಲಿ ರೋಗವಿದ್ದೂ ಇಲ್ಲವೆಂದಿತು, ಮತ್ತೊಬ್ಬನಲ್ಲಿ ಇಲ್ಲದೆಯೂ ಇದೆಯೆಂದಿತು. ಹಾಗಾದರೆ ಆ ಅಂಕಿ ಸುಳ್ಳೇ? ಅಲ್ಲ. ಸುಳ್ಳಾದುದು ನಾವು ಅದನ್ನು ಓದಿದ ರೀತಿ. ಇದನ್ನು ವಿಶದಪಡಿಸುವುದೇ ಪ್ರಕೃತ ಲೇಖನದ ಉದ್ದೇಶ.

ಪ್ರಾಚೀನರ ಅರಿವು

ಉಬ್ಬಸ, ಗೂರಲು, ದಮ್ಮು ಎಂದು ಕನ್ನಡ ನಾಡಿನ ಬೇರೆ ಬೇರೆ ಸೀಮೆಗಳಲ್ಲಿ ಕರೆಯುವ ಈ ವ್ಯಾಧಿಯು ಹೊಸದೇನೂ ಅಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಬಿಕ್ಕಳಿಕೆಯೊಡನೆ ಶ್ವಾಸರೋಗವನ್ನು ನಿರೂಪಿಸುವ ಅಧ್ಯಾಯವಿದೆ. ಅಲ್ಲಿ ಶ್ವಾಸವು ಮಹಾಶ್ವಾಸ, ಊರ್ಧ್ವಶ್ವಾಸ, ಛಿನ್ನಶ್ವಾಸ, ತಮಕಶ್ವಾಸ, ಕ್ಷುದ್ರಶ್ವಾಸ ಎಂದು ಐದು ವಿಧ. ಇವುಗಳಲ್ಲಿ ತಮಕಶ್ವಾಸದ ವರ್ಣನೆಯು ಇಂದಿನವರು ಅಸ್ತಮಾ ಎನ್ನುವುದಕ್ಕೆ ಬಹಳ ಸಮೀಪವಾಗಿದೆ. ರೋಗಿಯು ಮಲಗಿದರೆ ಸಂಕಟಪಡುತ್ತಾನೆ, ಎದ್ದು ಕುಳಿತರೆ ನೆಮ್ಮದಿ ಹೊಂದುತ್ತಾನೆ, ಬಿಸಿಯಾದುದನ್ನು ಬಯಸುತ್ತಾನೆ; ಮೋಡ, ಮಳೆ, ಚಳಿ, ಮೂಡಣಗಾಳಿಗಳಿಂದ ಬಾಧೆ ಹೆಚ್ಚುತ್ತದೆ ಎಂದು ಅಲ್ಲಿ ಹೇಳಿದೆ. ಯಾವ ಯಂತ್ರವೂ ಇಲ್ಲದ ಕಾಲದಲ್ಲಿ ರೋಗಿಯನ್ನು ಕಣ್ಣಾರೆ ಕಂಡು ಕಿವಿಯಾರೆ ಕೇಳಿ ಬರೆದ ಲಕ್ಷಣವಿದು. ಬಂದು ಹೋಗುವುದು, ಋತುವನ್ನು ಅನುಸರಿಸುವುದು, ರಾತ್ರಿ ಮತ್ತು ಬೆಳಗಿನ ಜಾವಗಳಲ್ಲಿ ಕಾಡುವುದು ಇಂದಿಗೂ ಈ ರೋಗದ ಮುಖ್ಯ ಗುರುತುಗಳೇ ಆಗಿವೆ.

'ಅಸ್ತಮಾ' ಎಂಬುದು ಗ್ರೀಕ್ ಮೂಲದ ಶಬ್ದ. ಏದುಸಿರು ಎಂದು ಅದರ ಅರ್ಥ. ಹೀಗೆ ಎರಡು ಪ್ರಾಚೀನ ನಾಗರಿಕತೆಗಳೂ ಉಸಿರಿನ ಸ್ವರೂಪದಿಂದಲೇ ರೋಗಕ್ಕೆ ಹೆಸರಿಟ್ಟವು. ರಕ್ತದಲ್ಲಿ ಅದರ ಕುರುಹನ್ನು ಹುಡುಕುವ ಪ್ರಯತ್ನವು ಇಪ್ಪತ್ತನೆಯ ಶತಮಾನದ್ದು.

ರಕ್ತದ ಗುಟ್ಟು ಹೊರಬಿದ್ದ ಬಗೆ

ಹೊರಗಿನಿಂದ ಬಂದ ವಸ್ತುವಿಗೆ ಕೆಲವರ ದೇಹವು ಇತರರಿಗಿಂತ ಬೇರೆಯಾದ ರೀತಿಯಲ್ಲಿ ಪ್ರತಿಕ್ರಿಯೆ ತೋರುವುದನ್ನು ಗಮನಿಸಿ, ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಎಂಬವರು ೧೯೦೬ರಲ್ಲಿ 'ಅಲರ್ಜಿ' ಎಂಬ ಶಬ್ದವನ್ನು ಸೃಷ್ಟಿಸಿದರು. ನಮ್ಮಲ್ಲಿ ಒಗ್ಗದಿಕೆ ಎನ್ನುವುದು ಇದನ್ನೇ.

ಈ ಒಗ್ಗದಿಕೆಯು ದೇಹದ ಯಾವ ಭಾಗದಲ್ಲಿ ಅಡಗಿದೆ ಎಂಬ ಪ್ರಶ್ನೆಗೆ ೧೯೨೧ರಲ್ಲಿ ಇಬ್ಬರು ಉತ್ತರ ಕೊಟ್ಟರು. ಅಂದು ಜರ್ಮನಿಯಲ್ಲಿದ್ದು ಇಂದು ಪೋಲೆಂಡಿಗೆ ಸೇರಿರುವ ಬ್ರೆಸ್ಲಾವ್ ನಗರದಲ್ಲಿ ಕಾರ್ಲ್ ಪ್ರಾಸ್ನಿಟ್ಸ್ ಮತ್ತು ಹೈನ್ಸ್ ಕುಸ್ಟ್ನರ್ ಕೆಲಸಮಾಡುತ್ತಿದ್ದರು. ಕುಸ್ಟ್ನರ್ ಅವರಿಗೆ ಮೀನು ಒಗ್ಗುತ್ತಿರಲಿಲ್ಲ. ಪ್ರಾಸ್ನಿಟ್ಸ್ ಅವರಿಗೆ ಮೀನಿನಿಂದ ಯಾವ ಬಾಧೆಯೂ ಇರಲಿಲ್ಲ. ಪ್ರಾಸ್ನಿಟ್ಸ್ ತಮ್ಮ ಮಿತ್ರನ ರಕ್ತದಿಂದ ಬೇರ್ಪಡಿಸಿದ ಸೀರಂ ಎಂಬ ತಿಳಿದ್ರವವನ್ನು ತಮ್ಮ ಹೊಟ್ಟೆಯ ಚರ್ಮದೊಳಗೆ ಚುಚ್ಚಿಸಿಕೊಂಡು, ಮರುದಿನ ಅದೇ ಸ್ಥಳಕ್ಕೆ ಮೀನಿನ ಸಾರವನ್ನು ಸೇರಿಸಿಕೊಂಡರು. ಒಡನೆಯೇ ಆ ಜಾಗವು ಕೆಂಪೇರಿ ದದ್ದು ಎದ್ದಿತು. ಒಬ್ಬನ ಒಗ್ಗದಿಕೆಯು ರಕ್ತದ್ರವದ ಮೂಲಕ ಇನ್ನೊಬ್ಬನ ಚರ್ಮಕ್ಕೆ ಸಂಕ್ರಮಿಸಿತೆಂದ ಮೇಲೆ, ಆ ದ್ರವದಲ್ಲಿ ಏನೋ ಒಂದು ವಸ್ತುವಿದೆ ಎಂದು ಸಿದ್ಧವಾಯಿತು. ಆದರೆ ಅದು ಇಂಥದೇ ಎಂದು ತಿಳಿಯಲು ಇನ್ನೂ ನಲವತ್ತೈದು ವರ್ಷಗಳು ಬೇಕಾದವು.

೧೯೬೬ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ, ಜಪಾನಿನಿಂದ ಬಂದು ನೆಲೆಸಿದ್ದ ಕಿಮಿಶಿಗೆ ಇಶಿಜಾಕ ಮತ್ತು ತೆರುಕೊ ಇಶಿಜಾಕ ಎಂಬ ವಿಜ್ಞಾನಿ ದಂಪತಿಗಳು, ರ‍್ಯಾಗ್‌ವೀಡ್ ಎಂಬ ಕಳೆಯ ಪರಾಗವು ಒಗ್ಗದವರ ರಕ್ತದಲ್ಲಿ ಈ ವಸ್ತುವನ್ನು ಗುರುತಿಸಿದರು. ನಮ್ಮ ಹೊಲಗಳ ಬದುವಿನಲ್ಲಿ ಹಬ್ಬಿರುವ ಪಾರ್ಥೇನಿಯಂ ಅಥವಾ ಕಾಂಗ್ರೆಸ್ ಕಸವೂ ಆ ಕಳೆಯೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಸ್ವೀಡನ್ನಿನ ಉಪ್ಸಾಲದಲ್ಲಿ ಯೋಹಾನ್ಸನ್ ಮತ್ತು ಬೆನಿಕ್ ಎಂಬ ಇಬ್ಬರು, ಮಜ್ಜೆಯ ಕ್ಯಾನ್ಸರಿನಿಂದ ಬಳಲುತ್ತಿದ್ದ ಒಬ್ಬ ರೋಗಿಯ ರಕ್ತದಲ್ಲಿ ಹಿಂದೆಂದೂ ಕಾಣದ ಪ್ರತಿಕಾಯವೊಂದನ್ನು ಸ್ವತಂತ್ರವಾಗಿ ಕಂಡುಹಿಡಿದಿದ್ದರು. ಎರಡೂ ಒಂದೇ ಎಂದು ಹೋಲಿಕೆಯಿಂದ ಸಿದ್ಧವಾಗಲು, ೧೯೬೮ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ಅದಕ್ಕೆ 'ಇಮ್ಯುನೋಗ್ಲಾಬ್ಯುಲಿನ್-ಇ' ಎಂದು ನಾಮಕರಣವಾಯಿತು. ಇದರ ಹ್ರಸ್ವರೂಪವೇ ಐಜಿಇ. ಅಲರ್ಜಿಯಿಂದ ಬರುವ ಅಸ್ತಮಾ ಇರುವವರ ರಕ್ತದಲ್ಲಿ ಈ ಪ್ರತಿಕಾಯದ ಪ್ರಮಾಣ ಏರಿರುತ್ತದೆಂದು ಯೋಹಾನ್ಸನ್ ಅವರು ೧೯೬೭ರಲ್ಲಿಯೇ ಪ್ರಕಟಿಸಿದ್ದರು. ನನ್ನ ಕೈಗೆ ಬಂದ ಹಾಳೆಯ ಮೂಲವು ಅಲ್ಲಿದೆ.

ಪ್ರತಿಕಾಯದ ವ್ಯಾಪಾರ

ದೇಹವನ್ನು ಹೊಕ್ಕ ಪರಕೀಯ ವಸ್ತುವನ್ನು ಗುರುತಿಸಿ ಹಿಡಿಯಲು ದೇಹವು ನಿರ್ಮಿಸಿಕೊಳ್ಳುವ ಸಸಾರಜನಕ ದ್ರವ್ಯವೇ ಪ್ರತಿಕಾಯ. ಅವುಗಳಲ್ಲಿ ಐದು ವರ್ಗಗಳಿವೆ. ಐಜಿಇ ವರ್ಗದ್ದು ಪ್ರಮಾಣದಲ್ಲಿ ಅತ್ಯಲ್ಪ. ಅದನ್ನು ಅಳೆಯುವ ಒಂದು ಘಟಕವೆಂದರೆ ೨.೪ ನ್ಯಾನೊಗ್ರಾಂ; ಒಂದು ನ್ಯಾನೊಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯ ಒಂದು ಪಾಲು. ರಕ್ತದಲ್ಲಿ ಹೇರಳವಾಗಿರುವ ಐಜಿಜಿ ಎಂಬ ಪ್ರತಿಕಾಯಕ್ಕೆ ಹೋಲಿಸಿದರೆ ಇದು ಹತ್ತಾರು ಸಾವಿರದಲ್ಲಿ ಒಂದು ಪಾಲು ಮಾತ್ರ. ಅಷ್ಟು ದೀರ್ಘಕಾಲ ಅದು ಶೋಧಕರ ಕಣ್ಣಿಗೆ ಬೀಳದಿದ್ದುದಕ್ಕೆ ಇದೇ ಕಾರಣ.

ಅಲ್ಪವಾದರೂ ಅದರ ಕಾರ್ಯ ಅಲ್ಪವಲ್ಲ. ರಕ್ತದಲ್ಲಿ ಅದು ಸುಮಾರು ಎರಡು ದಿನಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆದರೆ ಚರ್ಮ, ಮೂಗು, ಶ್ವಾಸನಾಳಗಳ ಒಳಪದರದಲ್ಲಿರುವ ಮಾಸ್ಟ್ ಕೋಶಗಳ ಮೈಗೆ ಅಂಟಿಕೊಂಡಿತೆಂದರೆ ವಾರಗಟ್ಟಲೆ ಅಲ್ಲಿಯೇ ನಿಲ್ಲುತ್ತದೆ. ಧೂಳಿನ ನುಸಿಯೋ ಪರಾಗವೋ ಜಿರಲೆಯ ಕಣವೋ ಉಸಿರಿನೊಡನೆ ಬಂದು ಕೋಶದ ಮೇಲಿನ ಪ್ರತಿಕಾಯಗಳನ್ನು ಒಂದಕ್ಕೊಂದು ಸೇರಿಸಿ ಹಿಡಿದಾಗ, ಕೋಶವು ತನ್ನೊಳಗಿನ ಹಿಸ್ಟಮೀನ್ ಮೊದಲಾದ ದ್ರವ್ಯಗಳನ್ನು ಹೊರಚೆಲ್ಲುತ್ತದೆ. ಆಗ ಶ್ವಾಸನಾಳದ ಸ್ನಾಯುಗಳು ಸಂಕುಚಿಸುತ್ತವೆ, ಒಳಪದರವು ಊದಿಕೊಳ್ಳುತ್ತದೆ, ಕಫ ಸ್ರವಿಸುತ್ತದೆ. ಕಿರಿದಾದ ಆ ದಾರಿಯಲ್ಲಿ ಗಾಳಿಯು ಸಿಳ್ಳಿನಂತೆ ಸದ್ದುಮಾಡುತ್ತ ಹಾಯುವುದೇ ಉಬ್ಬಸ.

ಇಲ್ಲಿ ಒಂದು ಸೂಕ್ಷ್ಮವಿದೆ. ಪರೀಕ್ಷೆಗೆ ಸಿಕ್ಕುವುದು ರಕ್ತದಲ್ಲಿ ಸಂಚರಿಸುತ್ತಿರುವ ಪ್ರತಿಕಾಯ. ರೋಗವನ್ನು ಉಂಟುಮಾಡುವುದು ಅಂಗಾಂಶದಲ್ಲಿ ಅಂಟಿ ಕುಳಿತಿರುವ ಪ್ರತಿಕಾಯ. ಬೀದಿಯಲ್ಲಿ ತಿರುಗಾಡುವವರನ್ನು ಎಣಿಸಿ ಮನೆಯೊಳಗೆ ಇರುವವರ ಸಂಖ್ಯೆಯನ್ನು ಊಹಿಸಿದಂತೆ ಈ ಪರೀಕ್ಷೆ. ಊಹೆ ಬಹುಮಟ್ಟಿಗೆ ಸರಿಯಾಗಬಹುದು, ಕೆಲವೊಮ್ಮೆ ತೀರ ತಪ್ಪಲೂಬಹುದು.

ಲಕ್ಷಣದೋಷಗಳ ಪರಿಶೀಲನೆ

ತರ್ಕಸಂಗ್ರಹವನ್ನು ದೀಪಿಕಾ ವ್ಯಾಖ್ಯಾನದೊಡನೆ ಓದಿದವರಿಗೆ ಲಕ್ಷಣದ ಮೂರು ದೋಷಗಳು ಪರಿಚಿತವಾದವು. ಗೋವಿಗೆ 'ಕಪಿಲವರ್ಣ'ವನ್ನು ಲಕ್ಷಣವಾಗಿ ಹೇಳಿದರೆ ಬಿಳಿಯ ಗೋವು ಹೊರಗುಳಿಯುತ್ತದೆ, ಇದು ಅವ್ಯಾಪ್ತಿ. 'ಕೋಡುಳ್ಳದ್ದು' ಎಂದರೆ ಎಮ್ಮೆಯೂ ಒಳಗೆ ಬರುತ್ತದೆ, ಇದು ಅತಿವ್ಯಾಪ್ತಿ. 'ಒಂದೇ ಗೊರಸುಳ್ಳದ್ದು' ಎಂದರೆ ಯಾವ ಗೋವಿಗೂ ಸಲ್ಲದು, ಇದು ಅಸಂಭವ. ರಕ್ತದಲ್ಲಿ ಐಜಿಇ ಏರಿರುವುದೇ ಅಸ್ತಮಾದ ಲಕ್ಷಣವೆಂದರೆ ಮೂರನೆಯ ದೋಷವು ಬರುವುದಿಲ್ಲ. ಮೊದಲಿನ ಎರಡು ಮಾತ್ರ ಬಂದೇ ಬರುತ್ತವೆ.

ಮೊದಲು ಅವ್ಯಾಪ್ತಿಯನ್ನು ನೋಡೋಣ. ಅಮೆರಿಕದ ವೈದ್ಯ ರ‍್ಯಾಕೆಮನ್ ಅವರು ೧೯೪೭ರಲ್ಲಿಯೇ ಅಸ್ತಮಾವನ್ನು ಬಾಹ್ಯಹೇತುಕ, ಆಂತರಹೇತುಕ ಎಂದು ಎರಡಾಗಿ ವಿಂಗಡಿಸಿದ್ದರು. ನಡುವಯಸ್ಸಿನಲ್ಲಿ ಮೊದಲಾಗುವ ಉಬ್ಬಸ, ಆಸ್ಪಿರಿನ್ ಸೇವನೆಯಿಂದ ಕೆರಳುವ ಉಬ್ಬಸ ಮೊದಲಾದವುಗಳಲ್ಲಿ ಐಜಿಇ ಸಹಜಮಿತಿಯಲ್ಲಿಯೇ ಇರಬಹುದು. ಇಷ್ಟೇ ಅಲ್ಲ, ಒಟ್ಟು ಐಜಿಇ ಸಹಜವಾಗಿದ್ದೂ ಯಾವುದೋ ಒಂದು ವಸ್ತುವಿಗೆ ಮಾತ್ರ ನಿರ್ದಿಷ್ಟವಾದ ಐಜಿಇ ಸಾಕಷ್ಟು ಇರಬಹುದು. ನೂರು ಮನೆಯ ಊರಿನಲ್ಲಿ ಒಂದೇ ಮನೆಯಲ್ಲಿ ಜಗಳವಿದ್ದರೆ ಊರೆಲ್ಲ ಶಾಂತವಾಗಿಯೇ ಕಾಣುತ್ತದಷ್ಟೆ. ನಾನು ಮೈಗಳ್ಳನೆಂದು ಕರೆದ ಬಾಲಕನು ಈ ಅವ್ಯಾಪ್ತಿಯ ಬಿಳಿಯ ಗೋವು.

ಇನ್ನು ಅತಿವ್ಯಾಪ್ತಿ. ಐಜಿಇ ಏರುವುದು ಉಬ್ಬಸವೊಂದರಲ್ಲಿಯೇ ಅಲ್ಲ. ಮೂಗಿನ ಅಲರ್ಜಿಯಲ್ಲಿ ಏರುತ್ತದೆ, ಇಸಬಿನಲ್ಲಿ ಬಹಳವಾಗಿ ಏರುತ್ತದೆ, ಜಂತುಹುಳುಗಳಿರುವವರಲ್ಲಿ ಏರುತ್ತದೆ, ಧೂಮಪಾನ ಮಾಡುವವರಲ್ಲಿಯೂ ಸ್ವಲ್ಪ ಹೆಚ್ಚಿರುತ್ತದೆ. ವಯಸ್ಸಿನ ಭೇದವೂ ಉಂಟು. ಹುಟ್ಟಿದ ಶಿಶುವಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಿದ್ದು, ಹತ್ತರಿಂದ ಹದಿನೈದರ ವಯಸ್ಸಿನಲ್ಲಿ ಉಚ್ಚಮಟ್ಟವನ್ನು ಮುಟ್ಟಿ, ಅನಂತರ ಮೆಲ್ಲಮೆಲ್ಲನೆ ಇಳಿಯುತ್ತದೆ. ವಯಸ್ಕರಿಗೆ ಸಾಮಾನ್ಯವಾಗಿ ಪ್ರತಿ ಮಿಲಿಲೀಟರಿಗೆ ೧೦೦ ಘಟಕಗಳ ಆಸುಪಾಸನ್ನು ಮೇಲ್ಮಿತಿಯೆಂದು ಹಿಡಿಯುವ ವಾಡಿಕೆಯಿದ್ದರೂ, ಬರಿಗಾಲಿನಲ್ಲಿ ಹೊಲ ತುಳಿದು ಬೆಳೆದ ಹಳ್ಳಿಯ ಮಕ್ಕಳಿಗೆ ಆ ಗೆರೆಯನ್ನು ಕುರುಡಾಗಿ ಅನ್ವಯಿಸಲಾಗದು. ಒಂಬತ್ತುನೂರರ ನಮ್ಮ ಎರಡನೆಯ ಬಾಲಕನು ಕೋಡುಳ್ಳ ಎಮ್ಮೆ. ಗೋವೆಂದು ತಿಳಿದು ಅವನ ಬಾಯಿಯ ಮೊಸರನ್ನು ಕಸಿದುಕೊಂಡೆವು.

ನಮ್ಮ ದೇಶಕ್ಕೇ ವಿಶೇಷವಾಗಿ ಸಲ್ಲುವ ಒಂದು ನಿದರ್ಶನವೂ ಇಲ್ಲಿ ಉಲ್ಲೇಖಾರ್ಹ. ಆಂಧ್ರದ ಮದನಪಲ್ಲಿಯ ಕ್ಷಯರೋಗಾಲಯದಲ್ಲಿದ್ದ ಫ್ರಿಮೊಟ್-ಮೊಲ್ಲರ್ ಮತ್ತು ಬಾರ್ಟನ್ ಎಂಬ ವೈದ್ಯರು, ಕ್ಷಯದಂತೆ ತೋರಿದರೂ ಕ್ಷಯವಲ್ಲದ, ರಕ್ತದಲ್ಲಿ ಇಯೋಸಿನೋಫಿಲ್ ಕಣಗಳು ಹೆಚ್ಚಿರುವ ವ್ಯಾಧಿಯೊಂದನ್ನು ೧೯೪೦ರಲ್ಲಿ ವರದಿಮಾಡಿದರು. ೧೯೪೩ರಲ್ಲಿ ವೈನ್‌ಗಾರ್ಟನ್ ಎಂಬವರು ಇದಕ್ಕೆ 'ಉಷ್ಣವಲಯದ ಇಯೋಸಿನೋಫಿಲಿಯ' ಎಂದು ಹೆಸರಿಟ್ಟರು. ಇದು ಆನೆಕಾಲು ರೋಗವನ್ನು ತರುವ ಫೈಲೇರಿಯ ಹುಳುವಿನ ಸೂಕ್ಷ್ಮಮರಿಗಳಿಗೆ ಶ್ವಾಸಕೋಶವು ತೋರುವ ಪ್ರತಿಕ್ರಿಯೆಯೆಂದು ಮುಂದೆ ತಿಳಿಯಿತು. ರಾತ್ರಿಯ ಕೆಮ್ಮು, ಎದೆಯ ಸಿಳ್ಳು, ಸಾವಿರವನ್ನು ಮೀರುವ ಐಜಿಇ ಎಲ್ಲವೂ ಇದರಲ್ಲಿ ಕಾಣುತ್ತವೆ. ಆದರೂ ಇದು ಅಸ್ತಮಾ ಅಲ್ಲ. ಇದರ ಔಷಧವೇ ಬೇರೆ. ಫೈಲೇರಿಯದ ಹಾವಳಿಯನ್ನು ಕಂಡಿರುವ ಕಲಬುರಗಿ, ಬೀದರ ಸೀಮೆಗಳವರೂ ಕರಾವಳಿಯವರೂ ಇದನ್ನು ನೆನಪಿಡುವುದು ಒಳ್ಳೆಯದು.

ಬೆಂಕಿ, ಹೊಗೆ ಮತ್ತು ಹಸಿ ಸೌದೆ

ಹಾಗಾದರೆ ಐಜಿಇಗೂ ಉಬ್ಬಸಕ್ಕೂ ಸಂಬಂಧವೇ ಇಲ್ಲವೆನ್ನಬಹುದೆ? ಹಾಗೆನ್ನುವುದೂ ಪ್ರಮಾದ. ಅಮೆರಿಕದ ಟ್ಯೂಸಾನ್ ನಗರದಲ್ಲಿ ಬರೋಸ್ ಮತ್ತು ಸಂಗಡಿಗರು ೨೬೫೭ ಜನರನ್ನು ಪರೀಕ್ಷಿಸಿ ೧೯೮೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಯಸ್ಸು ಮತ್ತು ಲಿಂಗಭೇದಗಳನ್ನು ಗಣಿಸಿ ನೋಡಿದಾಗ, ಐಜಿಇ ಏರಿದಂತೆಲ್ಲ ಅಸ್ತಮಾ ಇರುವವರ ಪ್ರಮಾಣವೂ ಏರುತ್ತಿತ್ತು. ಅತ್ಯಂತ ಕಡಿಮೆ ಐಜಿಇ ಇದ್ದ ೧೭೭ ಜನರಲ್ಲಿ ಒಬ್ಬರಿಗೂ ಅಸ್ತಮಾ ಇರಲಿಲ್ಲ. ಚರ್ಮಪರೀಕ್ಷೆಯಲ್ಲಿ ಯಾವ ಅಲರ್ಜಿಯೂ ಕಾಣದವರಲ್ಲಿ ಕೂಡ ಈ ಸಂಬಂಧವು ತೋರಿತು. ಆಂತರಹೇತುಕವೆನ್ನುವ ಉಬ್ಬಸದ ಹಿಂದೆಯೂ ಈ ಪ್ರತಿಕಾಯದ ಕೈವಾಡವಿರಬಹುದೇ ಎಂಬ ಪ್ರಶ್ನೆಯನ್ನು ಈ ಅಧ್ಯಯನವು ಎತ್ತಿತು.

ನ್ಯೂಜಿಲೆಂಡಿನಲ್ಲಿ ಹನ್ನೊಂದು ವರ್ಷದ ಮಕ್ಕಳನ್ನು ಕುರಿತು ೧೯೯೧ರಲ್ಲಿ ಪ್ರಕಟವಾದ ಅಧ್ಯಯನವು ಅಧ್ಯಾಪಕರಾದ ನಮಗೆ ಇನ್ನೂ ಬೋಧಪ್ರದವಾಗಿದೆ. ಅಲ್ಲಿ ೩೨ ಘಟಕಗಳಿಗಿಂತ ಕಡಿಮೆ ಐಜಿಇ ಇದ್ದ ಮಕ್ಕಳಲ್ಲಿ ಅಸ್ತಮಾ ವರದಿಯಾಗಲಿಲ್ಲ. ೧೦೦೦ ಘಟಕಗಳು ಮತ್ತು ಅದಕ್ಕೆ ಮೇಲ್ಪಟ್ಟಿದ್ದವರಲ್ಲಿ ಶೇಕಡಾ ೩೬ ಮಕ್ಕಳಿಗೆ ಅಸ್ತಮಾ ಇದ್ದಿತು. ಈ ವಾಕ್ಯವನ್ನು ಎರಡು ಬಾರಿ ಓದಬೇಕು. ಸೊನ್ನೆಯಿಂದ ಮೂವತ್ತಾರಕ್ಕೆ ಏರಿದುದು ಸಂಬಂಧದ ಬಲವನ್ನು ಸಾರುತ್ತದೆ. ಅದೇ ವೇಳೆಗೆ, ಸಾವಿರವನ್ನು ಮುಟ್ಟಿದವರಲ್ಲಿಯೂ ನೂರಕ್ಕೆ ಅರವತ್ತನಾಲ್ಕು ಮಕ್ಕಳಿಗೆ ಅಸ್ತಮಾ ಇರಲಿಲ್ಲವೆಂಬುದನ್ನೂ ಅದೇ ಅಂಕಿಯು ಸಾರುತ್ತದೆ. ಸಮೂಹಕ್ಕೆ ಸಲ್ಲುವ ಸತ್ಯವು ವ್ಯಕ್ತಿಗೆ ತೀರ್ಪಾಗಲಾರದು.

ಇದನ್ನು ನೈಯಾಯಿಕರು ಬೆಂಕಿ ಹೊಗೆಗಳ ದೃಷ್ಟಾಂತದಿಂದ ತಿಳಿಸಿಕೊಟ್ಟಿದ್ದಾರೆ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬ ಅನುಮಾನವು ನಿರ್ದುಷ್ಟ. ಇದನ್ನು ತಿರುಗಿಸಿ, ಬೆಂಕಿಯಿದ್ದಲ್ಲಿ ಹೊಗೆಯಿದೆ ಎಂದರೆ ತಪ್ಪು. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಬೆಂಕಿಗೆ ಹಸಿ ಸೌದೆ ಸೇರಿದಾಗ ಮಾತ್ರ ಹೊಗೆ ಏಳುತ್ತದೆ. ಈ ಹಸಿ ಸೌದೆಗೆ ಶಾಸ್ತ್ರದಲ್ಲಿ 'ಉಪಾಧಿ' ಎಂದು ಹೆಸರು. ಐಜಿಇ ಎಂಬ ಬೆಂಕಿಯು ಅನೇಕರ ರಕ್ತದಲ್ಲಿ ಇರುತ್ತದೆ. ಯಾರ ಶ್ವಾಸನಾಳಗಳು ಅಲ್ಪ ಕಾರಣಕ್ಕೇ ಬಿಗಿದುಕೊಳ್ಳುವ ಸ್ವಭಾವವನ್ನು ಪಡೆದಿವೆಯೋ ಅವರಲ್ಲಿ ಮಾತ್ರ ಉಬ್ಬಸವೆಂಬ ಹೊಗೆ ಏಳುತ್ತದೆ. ಆದುದರಿಂದ ಬೆಂಕಿಯನ್ನು ಅಳೆದು ಸುಮ್ಮನಾಗದೆ ಸೌದೆಯನ್ನೂ ಮುಟ್ಟಿ ನೋಡಬೇಕು.

ಹಾಗಾದರೆ ಪರೀಕ್ಷೆಯ ಪ್ರಯೋಜನವೇನು?

ದೋಷವನ್ನು ತೋರಿಸಿದ ಮಾತ್ರಕ್ಕೆ ಪರೀಕ್ಷೆಯನ್ನು ಅಲ್ಲಗಳೆದಂತಾಗಲಿಲ್ಲ. ಅದಕ್ಕೆ ತನ್ನದೇ ಆದ ನಾಲ್ಕು ಪ್ರಯೋಜನಗಳುಂಟು.

ಒಂದನೆಯದು, ಉಬ್ಬಸವಿದೆಯೆಂದು ಬೇರೆ ಆಧಾರಗಳಿಂದ ನಿಶ್ಚಯವಾದ ಮೇಲೆ, ಅದನ್ನು ಕೆರಳಿಸುವ ವಸ್ತು ಯಾವುದೆಂದು ತಿಳಿಯಲು ನಿರ್ದಿಷ್ಟ ಐಜಿಇ ಪರೀಕ್ಷೆ ಅಥವಾ ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆ ನೆರವಾಗುತ್ತದೆ. ಇಲ್ಲಿಯೂ ಎಚ್ಚರಬೇಕು, ಪರೀಕ್ಷೆಯಲ್ಲಿ ಕಂಡುಬಂದುದೆಲ್ಲ ಬಾಧಕವಲ್ಲ. ತಿಂದಾಗ, ಮೂಸಿದಾಗ ನಿಜವಾಗಿ ತೊಂದರೆಯಾಗುತ್ತದೆಯೇ ಎಂಬ ಅನುಭವವು ಜೊತೆಗೂಡಿದರೆ ಮಾತ್ರ ಅದಕ್ಕೆ ಬೆಲೆ. ಪಟ್ಟಿಯಲ್ಲಿ ಬಂದ ಆಹಾರಗಳನ್ನೆಲ್ಲ ಬೆಳೆಯುವ ಮಗುವಿಗೆ ಬಿಡಿಸುವುದು ಅನ್ಯಾಯ.

ಎರಡನೆಯದು, ಎಳೆಯ ಮಕ್ಕಳಲ್ಲಿ ನೆಗಡಿಯೊಡನೆ ಪದೇ ಪದೇ ಬರುವ ಸಿಳ್ಳುಸಿರು ಮುಂದೆ ನೆಲೆಯೂರುವ ಸಂಭವವೆಷ್ಟು ಎಂಬುದನ್ನು ಅಂದಾಜುಮಾಡುವಾಗ, ಧೂಳು ಪರಾಗಗಳಿಗೆ ಐಜಿಇ ಇರುವುದು ಒಂದು ಸೂಚನೆಯಾಗುತ್ತದೆ.

ಮೂರನೆಯದು, ಅಸ್ತಮಾ ರೋಗಿಗಳಲ್ಲಿ ಕೆಲವರ ಶ್ವಾಸನಾಳದಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟು ನೆಲೆಸಿ ತೀವ್ರವಾದ ಅಲರ್ಜಿಯನ್ನು ಉಂಟುಮಾಡುತ್ತದೆ. ನಮ್ಮಲ್ಲಿ ಇದನ್ನು ಕ್ಷಯವೆಂದು ಭ್ರಮಿಸಿ ತಿಂಗಳುಗಟ್ಟಲೆ ಅದರ ಔಷಧ ಕೊಟ್ಟ ಪ್ರಸಂಗಗಳಿವೆ. ಬಹಳ ಏರಿದ ಒಟ್ಟು ಐಜಿಇಯು ಇದನ್ನು ಗುರುತಿಸಲೂ, ಚಿಕಿತ್ಸೆಯ ಫಲವನ್ನು ಅಳೆಯಲೂ ಬಹುಮುಖ್ಯ ಸಾಧನ.

ನಾಲ್ಕನೆಯದು, ಐಜಿಇಯನ್ನೇ ಹಿಡಿದು ನಿಷ್ಕ್ರಿಯಗೊಳಿಸುವ ಒಮಾಲಿಜುಮಾಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ೨೦೦೩ರಲ್ಲಿ ಅನುಮತಿ ದೊರೆಯಿತು. ಇತರ ಔಷಧಗಳಿಗೆ ಬಗ್ಗದ ತೀವ್ರ ಅಲರ್ಜಿಯ ಅಸ್ತಮಾಕ್ಕೆ ಅದನ್ನು ಕೊಡುವಾಗ, ರೋಗಿಯ ತೂಕವನ್ನೂ ಚಿಕಿತ್ಸೆಗೆ ಮುಂಚಿನ ಐಜಿಇ ಪ್ರಮಾಣವನ್ನೂ ನೋಡಿ ಮಾತ್ರೆಯ ಅಳತೆಯಂತೆ ಚುಚ್ಚುಮದ್ದಿನ ಅಳತೆಯನ್ನು ನಿರ್ಧರಿಸುತ್ತಾರೆ. ಇಲ್ಲೊಂದು ಸ್ವಾರಸ್ಯವಿದೆ. ಔಷಧವು ಐಜಿಇಯೊಡನೆ ಕೂಡಿಕೊಂಡು ರಕ್ತದಲ್ಲಿ ಉಳಿಯುವುದರಿಂದ, ಚಿಕಿತ್ಸೆಯ ತರುವಾಯ ಒಟ್ಟು ಐಜಿಇ ಇಳಿಯುವುದರ ಬದಲು ಏರುತ್ತದೆ. ರೋಗಿಯು ಗುಣಮುಖನಾಗುತ್ತಿರುವಾಗಲೇ ಅಂಕಿಯು ಬೆಳೆಯುತ್ತದೆ. ಅಂಕಿಯನ್ನು ಕಣ್ಣುಮುಚ್ಚಿ ನಂಬಬಾರದೆಂಬುದಕ್ಕೆ ಇದಕ್ಕಿಂತ ಮೇಲಾದ ದೃಷ್ಟಾಂತ ಬೇಕಿಲ್ಲ.

ಉಬ್ಬಸದ ನಿಜವಾದ ನಿರ್ಣಯ

ಉಬ್ಬಸವನ್ನು ವೈದ್ಯರು ನಿರ್ಣಯಿಸುವುದು ಎರಡು ಆಧಾರಗಳಿಂದ. ರೋಗಿಯ ವೃತ್ತಾಂತವು ಒಂದು: ಸಿಳ್ಳುಸಿರು, ಉಸಿರುಕಟ್ಟು, ಎದೆಬಿಗಿತ, ಕೆಮ್ಮು ಇವು ಬಂದು ಹೋಗುತ್ತಿವೆಯೇ, ರಾತ್ರಿ ಅಥವಾ ನಸುಕಿನಲ್ಲಿ ಹೆಚ್ಚುತ್ತವೆಯೇ, ಓಟ, ಚಳಿ, ಧೂಳು, ಹೊಗೆ, ನೆಗಡಿಗಳಿಂದ ಕೆರಳುತ್ತವೆಯೇ ಎಂಬ ವಿಚಾರಣೆ. ಉಸಿರಿನ ಅಳತೆಯು ಇನ್ನೊಂದು. ಸ್ಪೈರೋಮೀಟರ್ ಎಂಬ ಯಂತ್ರದೊಳಗೆ ರೋಗಿಯು ಬಲವಾಗಿ ಊದುತ್ತಾನೆ. ಮೊದಲ ಒಂದು ಸೆಕೆಂಡಿನಲ್ಲಿ ಹೊರಬಿದ್ದ ಗಾಳಿಯನ್ನು ಅಳೆದು, ಶ್ವಾಸನಾಳವನ್ನು ಹಿಗ್ಗಿಸುವ ಔಷಧವನ್ನು ಕೊಟ್ಟು ಮತ್ತೆ ಅಳೆಯುತ್ತಾರೆ. ವಯಸ್ಕರಲ್ಲಿ ಶೇಕಡಾ ೧೨ರಷ್ಟೂ ೨೦೦ ಮಿಲಿಲೀಟರಿನಷ್ಟೂ ಹೆಚ್ಚಳ ಕಂಡರೆ, ಬಿಗಿದ ನಾಳವು ಸಡಿಲಿತೆಂದು ಸಿದ್ಧವಾಗುತ್ತದೆ. ಉಬ್ಬಸವಿಲ್ಲದ ವೇಳೆಯಲ್ಲಿ ಈ ಅಳತೆಯೂ ಸಹಜವಾಗಿರಬಹುದಾದುದರಿಂದ ಒಂದು ಸಲದ ಫಲವನ್ನೇ ಕೊನೆಯ ಮಾತೆಂದು ತಿಳಿಯಬಾರದು. ಪೀಕ್ ಫ್ಲೋ ಮಾಪಕವೆಂಬ ಸಣ್ಣ ಕೊಳವೆಯಿಂದ ಎರಡು ವಾರಗಳ ಕಾಲ ಬೆಳಿಗ್ಗೆ ಸಂಜೆ ಅಳೆದು ಬರೆದಿಟ್ಟರೆ ಏರಿಳಿತವು ತಾನಾಗಿ ತೋರುತ್ತದೆ.

ನಮ್ಮ ಕರ್ತವ್ಯ

ಅಧ್ಯಾಪಕ ಬಂಧುಗಳಲ್ಲಿ ನನ್ನ ವಿಜ್ಞಾಪನೆಯಿಷ್ಟು. ಓಡಲಾರೆನೆಂದ ಮಗುವಿನ ಮಾತನ್ನು ಹಾಳೆಯೊಂದನ್ನು ಮುಂದೊಡ್ಡಿ ತಳ್ಳಿಹಾಕಬೇಡಿ, ವೈದ್ಯರಲ್ಲಿಗೆ ಕಳುಹಿಸಿರಿ. ಉಬ್ಬಸವಿರುವ ಮಗುವಿನ ಬಗ್ಗೆ ವೈದ್ಯರು ಬರೆದುಕೊಟ್ಟ ಸೂಚನೆಯ ಪ್ರತಿಯು ಶಾಲೆಯಲ್ಲಿಯೂ ನಿಲಯದಲ್ಲಿಯೂ ಇರಲಿ. ದಿನವೂ ಸೇದುವ ಔಷಧವನ್ನು 'ಅಭ್ಯಾಸವಾಗಿಬಿಡುತ್ತದೆ' ಎಂಬ ಭಯದಿಂದ ಬಿಡಿಸಬೇಡಿ. ನಾಳದ ಊತವನ್ನು ತಗ್ಗಿಸಿ ರೋಗವನ್ನು ಹತೋಟಿಯಲ್ಲಿಡುವುದು ಅದೇ. ಉಬ್ಬಸ ಕೆರಳಿದಾಗ ಮಗುವನ್ನು ಮಲಗಿಸದೆ ನೆಟ್ಟಗೆ ಕೂರಿಸಿ, ಬರೆದುಕೊಟ್ಟಿರುವಂತೆ ಇನ್‌ಹೇಲರ್ ಕೊಡಿಸಿರಿ. ಮಾತು ತುಂಡಾದರೆ, ತುಟಿ ನೀಲಿಗಟ್ಟಿದರೆ, ಔಷಧದಿಂದ ಸಡಿಲವಾಗದಿದ್ದರೆ ಒಂದು ಕ್ಷಣವನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯಿರಿ. ಸರಿಯಾದ ಚಿಕಿತ್ಸೆ ನಡೆಯುತ್ತಿದ್ದರೆ ಆಟವನ್ನು ಬಿಡಿಸಬೇಕಾದ ಅಗತ್ಯವಿಲ್ಲವೆಂಬುದೂ ನೆನಪಿರಲಿ.

ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಆದ ಮಹನೀಯರಲ್ಲಿಯೂ ಒಂದು ಮಾತು. ಕಟ್ಟಡಕ್ಕೆ, ಗ್ರಂಥಾಲಯಕ್ಕೆ ತಾವು ಕೊಟ್ಟುದನ್ನು ಸಂಸ್ಥೆಯು ಮರೆಯದು. ನಿಲಯದ ಶುಶ್ರೂಷಾ ಕೊಠಡಿಗೆ ಎರಡು ಪೀಕ್ ಫ್ಲೋ ಮಾಪಕಗಳು, ಇನ್‌ಹೇಲರಿಗೆ ಜೋಡಿಸುವ ಕೊಳವೆಗಳು, ವರ್ಷಕ್ಕೊಮ್ಮೆ ವೈದ್ಯರಿಂದ ಅಧ್ಯಾಪಕರಿಗೆ ತಿಳುವಳಿಕೆ ಇವು ಅಲ್ಪ ವೆಚ್ಚದವು. ಆದರೂ ಒಂದು ಚಳಿಯ ಮುಂಜಾವಿನಲ್ಲಿ ಒಂದು ಜೀವವನ್ನು ಉಳಿಸುವಂಥವು.

ಉಪಸಂಹಾರ

ಅಂದು ಮೈದಾನದ ಅಂಚಿನಲ್ಲಿ ಕುಳಿತ ಬಾಲಕನು ಇಂದು ಪದವಿ ತರಗತಿಯಲ್ಲಿ ಓದುತ್ತಿದ್ದಾನೆ. ಹೋದ ವರ್ಷ ಶಾಲೆಗೆ ಬಂದಿದ್ದಾಗ ನನ್ನ ಕಾಲಿಗೆರಗಿ, "ಈಗ ಓಡ್ತೀನ್ರಿ ಗುರುಗಳ, ಮೊದಲ ಔಷಧ ಸೇದಿ ಆಮ್ಯಾಲೆ ಓಡ್ತೀನ್ರಿ" ಎಂದು ನಕ್ಕನು. ಕ್ಷಮೆ ಕೇಳಬೇಕಾದವನು ನಾನು, ಕೇಳಿದೆನು. ಅವನು ಅದನ್ನು ಎಂದೋ ಮರೆತಂತೆ ತೋರಿತು. ನನಗೆ ಅದು ಮರೆಯುವ ವಿಷಯವಲ್ಲ. ಮೂವತ್ತು ವರ್ಷ ಅವ್ಯಾಪ್ತಿ ಅತಿವ್ಯಾಪ್ತಿಗಳನ್ನು ಬಲ್ಲವನೆಂದುಕೊಂಡಿದ್ದ ನಾನು, ಕಣ್ಣೆದುರಿಗೆ ಮಗುವಿರುವಾಗ ಅವುಗಳನ್ನು ಸ್ಮರಿಸಲಿಲ್ಲ. ಈ ಸಂಚಿಕೆಯನ್ನು ಓದುವ ಅಧ್ಯಾಪಕರಲ್ಲಿ ಒಬ್ಬರಾದರೂ ಅಂಥ ಸಮಯದಲ್ಲಿ ಹಾಳೆಯನ್ನು ಮಡಿಸಿಟ್ಟು ಮಗುವಿನ ಮುಖವನ್ನು ನೋಡಿದರೆ ಈ ಬರವಣಿಗೆಯ ಶ್ರಮ ಸಾರ್ಥಕವಾದಂತೆ.